ನನ್ನ ಓರಗಿತ್ತಿಯ ಮೊಗ್ಗಿನ ಜಡೆ

ನನ್ನ ಓರಗಿತ್ತಿಯ ಎಡಹುಬ್ಬು ಒಂದೇ ಮೇಲೇಳುತ್ತದೆ. ಬಲಹುಬ್ಬು ತನಗೇನೂ ಸಂಬಂಧವಿಲ್ಲವೆನ್ನುವ ಹಾಗೆ ಇದ್ದಲ್ಲೇ ಇರುತ್ತದೆ. ಅಷ್ಟರಿಂದಲೇ ಅವರು ಅನುಮಾನ, ತಮಾಷೆ, ತಿರಸ್ಕಾರ ಎಲ್ಲವನ್ನೂ ಆಡಿ ಮುಗಿಸುತ್ತಿದ್ದರು. ಅಮೆರಿಕದಲ್ಲಿ ನಾವಿರುವ ಮಿಲ್ ಕ್ರೀಕ್‌ನಿಂದ ಆಫೀಸಿಗೆ ಹೋಗುವಾಗ ಸಿಗ್ನಲ್ಲು ಸಿಕ್ಕಿದಲ್ಲೆಲ್ಲ ನಾನು ಕಾರಿನ ಕನ್ನಡಿ ನೋಡಿಕೊಂಡು ಅದನ್ನು ಕಲಿಯಲು ಒದ್ದಾಡಿದ್ದೇನೆ. ನನ್ನವು ಎರಡೂ ಒಟ್ಟಿಗೇ ಏಳುತ್ತವೆ. ಒಮ್ಮೆ ಪಕ್ಕದ ಕಾರಿನವನು ನನಗೇನೋ ಆಗಿದೆಯೆಂದುಕೊಂಡು ಗಾಜು ಇಳಿಸಿ ವಿಚಾರಿಸಿದ್ದ.

ಅವರು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕಾ ಎಂದೇ ಕರೆಯುವುದು. ಇಬ್ಬರೂ ಭರತನಾಟ್ಯ ಕಲಿತವರು. ಅವರು ಮೈಸೂರಿನಲ್ಲಿ, ನಾನು ಬೆಂಗಳೂರಿನಲ್ಲಿ. ಒಂದೇ ಮನೆಗೆ ಇಬ್ಬರು ನರ್ತಕಿಯರನ್ನು ಸೊಸೆಯಾಗಿ ತರಬಾರದೆಂದು ನಮ್ಮ ಅತ್ತೆಗೆ ಯಾರಾದರೂ ಹೇಳಬೇಕಿತ್ತು. ಅತ್ತೆ ಇಲ್ಲಿಗೆ ಬಂದಿದ್ದಾಗ ಊಟದ ಮಧ್ಯೆ ಹೇಳುತ್ತಿದ್ದರು: "ದೊಡ್ಡವಳು ಸಾರು ಬಡಿಸಿದ್ರೂ ನೋಡ್ತಾ ಇರೋಣ ಅನ್ಸತ್ತೆ." ಆಮೇಲೆ ನನ್ನ ಮುಖ ನೋಡಿ, "ನೀನೂ ಚೆನ್ನಾಗೇ ಮಾಡ್ತೀಯಮ್ಮ" ಎನ್ನುತ್ತಿದ್ದರು. ಆ 'ಚೆನ್ನಾಗೇ' ಎಷ್ಟು ದಿನ ನನ್ನ ಹೊಟ್ಟೆಯೊಳಗೆ ಉರಿಯಿತೋ ದೇವರಿಗೇ ಗೊತ್ತು. ಕನ್ನಡ ಕೂಟದ ಕಾರ್ಯಕ್ರಮಗಳಲ್ಲಿ ನನ್ನ ನೃತ್ಯ ಜನ ಕಾಫಿ ಹಿಡಿದುಕೊಂಡು ಒಳಗೆ ಬರುವ ಹೊತ್ತಿಗೆ, ಅವರದು ಕೊನೆಯಲ್ಲಿ, ಎಲ್ಲರೂ ಕೂತಾದ ಮೇಲೆ. ನನ್ನ ಮಗಳೂ ಅಷ್ಟೇ, ದೊಡ್ಡಮ್ಮ ವೇದಿಕೆಗೆ ಬಂದರೆ ಫೋನು ಕೆಳಗಿಡುತ್ತಿದ್ದಳು.

ಸ್ನೊಕ್ವಾಲ್ಮಿಯಲ್ಲಿ ಅವರ ಮನೆ. ಗ್ಯಾರೇಜಿಗೆ ಮರದ ಹಲಗೆ ಹಾಸಿ ಅಭ್ಯಾಸದ ಜಾಗ ಮಾಡಿಕೊಂಡಿದ್ದರು. ಕಾರುಗಳು ಹೊರಗೆ ನೆನೆಯುತ್ತಿದ್ದವು. ನಮ್ಮ ಭಾವನವರು ವಿಮಾನ ತಯಾರಿಕೆಯಲ್ಲಿ ಎಂಜಿನಿಯರು. ಹೆಂಡತಿಯ ಕಾರಿನ ಗಾಜಿಗೆ ಕಟ್ಟಿದ ಮಂಜನ್ನು ಬೆಳಿಗ್ಗೆ ಅವರೇ ಕೆರೆದು ಕೊಡುತ್ತಿದ್ದರು. ಇದಕ್ಕೂ ನನಗೆ ಹೊಟ್ಟೆಕಿಚ್ಚೇ.

ಒಪೆರಾದ, ಅಂದರೆ ಪಾಶ್ಚಾತ್ಯರ ಸಂಗೀತ ನಾಟಕದ ಹುಚ್ಚು ಅಕ್ಕನಿಗೆ ಇಲ್ಲಿ ಓದಲು ಬಂದ ಕಾಲದಿಂದ. "ಅಲ್ಲೂ ಒಂದೇ ಸಾಲು ಹತ್ತು ಸಲ ಹಾಡ್ತಾರೆ ಕಣೆ, ನಮ್ಮ ಭರತನಾಟ್ಯದ ಪದದ ಹಾಗೇ. ಅವರು ದನಿ ಬದಲಾಯಿಸ್ತಾರೆ, ನಾವು ಅರ್ಥ ಬದಲಾಯಿಸ್ತೀವಿ. ಅಷ್ಟೇ ವ್ಯತ್ಯಾಸ" ಎನ್ನುತ್ತಿದ್ದರು. ಒಂದು ಭಾನುವಾರ ನಮ್ಮನ್ನು ಕರೆಸಿ, ಒಂದು ಹಳೆಯ ಇಟಾಲಿಯನ್ ಒಪೆರಾವನ್ನು ನೃತ್ಯದ ಸಿನಿಮಾ ಮಾಡುತ್ತೇನೆ ಎಂದರು. ಕಥೆ ಸಣ್ಣದು. ವಯಸ್ಸಾಗುತ್ತಿರುವ ರಾಣಿ, ರಾಜ, ಅರಮನೆಯ ತೋಟದಲ್ಲಿ ಹೂ ಬಿಡಿಸುವ ಹುಡುಗಿ. ರಾಜ ಹುಡುಗಿಯನ್ನು ಮದುವೆಯಾಗಲು ಹೊರಡುತ್ತಾನೆ. ಕೊನೆಯಲ್ಲಿ ಮದುಮಗಳ ತಲೆ ಬಾಚುವ ಕೆಲಸ ರಾಣಿಯ ಪಾಲಿಗೇ ಬರುತ್ತದೆ. 'ಬಾ, ನಿನ್ನ ತಲೆ ಬಾಚುತ್ತೇನೆ' ಎಂಬ ಒಂದೇ ಮಾತನ್ನು ಹಾಡುತ್ತ ಹಾಡುತ್ತ ಅವಳು ಮುಗಿಸಬೇಕು. ಅಕ್ಕ ಬಾಚಣಿಗೆಯನ್ನು ತೆಗೆದುಹಾಕಿ ಮೊಗ್ಗಿನ ಜಡೆ ತಂದಿದ್ದರು. ಹಾಡಿನುದ್ದಕ್ಕೂ ರಾಣಿ ಸವತಿಯ ಜಡೆಗೆ ಮಲ್ಲಿಗೆ ಮೊಗ್ಗು ಹೊಲಿಯುತ್ತಾಳೆ.

ಕೇಳಿ ನನಗೆ ಖುಷಿಯೋ ಖುಷಿ. ಹುಡುಗಿಯ ಪಾತ್ರ ನನ್ನದೇ ಅಂದುಕೊಂಡಿದ್ದೆ.

"ರಾಣಿ ನೀನು" ಎಂದರು ಅಕ್ಕ.

"ಹುಡುಗಿ?"

"ನಾನೇ."

"ಅಕ್ಕಾ, ನಾನು ನಿಮಗಿಂತ ಚಿಕ್ಕವಳು."

"ಗೊತ್ತು. ಅದಕ್ಕೇ ಮೇಕಪ್ಪು ಅಂತ ಇರೋದು." ಹುಬ್ಬು ಏರಿತು.

ಕಾರಿನಲ್ಲಿ ನನ್ನ ಗಂಡ, "ಅತ್ತಿಗೆ ಏನೋ ಯೋಚ್ನೆ ಮಾಡೇ ಕೊಟ್ಟಿರ್ತಾರೆ ಬಿಡು" ಎಂದರು. "ನೀವು ಸುಮ್ನೆ ಡ್ರೈವ್ ಮಾಡಿ" ಎಂದೆ. ಪಾತ್ರ ಬೇಡವೆಂದು ಫೋನ್ ಮಾಡಲು ಎರಡು ಸಲ ಕೈ ಹೋಯಿತು. ಆದರೆ ಮೊಗ್ಗಿನ ಜಡೆ ಹೊಲಿಯಲು ಅವರಿಗೆ ಬರುವುದಿಲ್ಲ. ನಮ್ಮಮ್ಮ ಚಾಮರಾಜಪೇಟೆಯಲ್ಲಿ ಕಂಡವರ ಮದುಮಕ್ಕಳಿಗೆಲ್ಲ ಹೊಲಿದು ಕೊಡುತ್ತಿದ್ದಳು, ನಾನು ಅವಳ ಪಕ್ಕ ಕೂತು ಕಲಿತೆ. ಅವರಿಗೆ ಬಾರದ ಒಂದೇ ಒಂದು ವಿದ್ಯೆ ನನ್ನ ಕೈಯಲ್ಲಿದ್ದಾಗ ಬಿಟ್ಟುಕೊಡುವುದು ಹೇಗೆ?

ಅಭ್ಯಾಸವಂತೂ ನರಕ. ಗ್ಯಾರೇಜು ಹಿಮದಂತೆ ತಣ್ಣಗೆ. ಅಕ್ಕ ಹೀಟರಿನ ಮುಂದೆ ಅಂಗಾಲು ಕಾಯಿಸಿಕೊಂಡು, ಸೀರೆಯ ಮೇಲೆ ಭಾವನವರ ಹಳೆಯ ಜಾಕೆಟ್ಟು ಹಾಕಿಕೊಂಡು ಪಾಠ ಶುರುಮಾಡುತ್ತಿದ್ದರು. ಆ ಅವತಾರದಲ್ಲೂ ಚೆಂದ ಕಾಣುತ್ತಿದ್ದರು. ರೆಕಾರ್ಡ್ ಮಾಡಿಟ್ಟ ಹಾಡು ಅವರ ಪಕ್ಕದ ಮನೆಯ ಅಮೆರಿಕನ್ ಹೆಂಗಸಿನದು, ಒಪೆರಾದ ಮೇಳದಲ್ಲಿ ಹಾಡುವವರು. ನಾನು ಅಷ್ಟೂ ಇಟಾಲಿಯನ್ನನ್ನು ಕನ್ನಡದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿ, ನೃತ್ಯದಲ್ಲಿ ಮಾಡುವಂತೆ ತುಟಿ ಆಡಿಸುತ್ತ ಅಭಿನಯಿಸಿದೆ. ಅಕ್ಕ ಹಾಡು ನಿಲ್ಲಿಸಿದರು.

"ತುಟಿ ಮುಚ್ಕೊ. ಹಾಡೋರು ಹಾಡ್ತಾರೆ, ಕ್ಯಾಮೆರಾದಲ್ಲಿ ಅದು ಡಬ್ಬಿಂಗ್ ಥರ ಕಾಣ್ಸತ್ತೆ. ನೀನು ಬರೀ ಕೇಳಿಸ್ಕೊ."

"ಮತ್ತೆ ಮುಖದಲ್ಲಿ ಏನು ತೋರಿಸ್ಲಿ?"

"ಮುಖಕ್ಕೆ ಹೇಳ್ಬೇಡ, ಕೈಗೆ ಹೇಳು. ಮುಖ ತಾನೇ ಬರತ್ತೆ."

ಇದು ಅವರ ಮಾಮೂಲಿ ಮಾತು. ಅವರಿಗೆ ಆ ಹುಬ್ಬು ಇದೆ, ಹೇಳುತ್ತಾರೆ ಬಿಡು ಅಂದುಕೊಂಡೆ.

ಚಿತ್ರೀಕರಣದ ದಿನ ಕ್ರಾಸ್‌ರೋಡ್ಸ್‌ನ ಇಂಡಿಯನ್ ಅಂಗಡಿಯಿಂದ ಮಲ್ಲಿಗೆ ಬಂತು. ವಿಮಾನದಲ್ಲಿ ಬಂದ ಮೊಗ್ಗು. ಒದ್ದೆ ಬಟ್ಟೆ ಬಿಚ್ಚಿದರೆ ಅರ್ಧ ಆಗಲೇ ಅರಳಲು ಹೊರಟಿದ್ದವು. ಹೀಟರ್ ಆರಿಸಿದೆವು. ಇರುವುದು ಇಷ್ಟೇ ಹೂ, ಹಾಗಾಗಿ ಜಡೆ ಒಂದೇ ಸಲ, ಟೇಕೂ ಒಂದೇ. ಅಕ್ಕ ಕ್ಯಾಮೆರಾಕ್ಕೆ ಬೆನ್ನು ಹಾಕಿ ಮಣೆಯ ಮೇಲೆ ಕೂತರು. ನಾನು ಅವರ ಪಕ್ಕದಲ್ಲಿ, ಮುಖ ಕಾಣುವ ಹಾಗೆ. ಕ್ಯಾಮೆರಾದ ಹಿಂದೆ ಭಾವನವರು. ಅಕ್ಕನ ಮುಖದ ಕ್ಲೋಸಪ್ಪು ಆಮೇಲೆ ತಗೊಳ್ಳುತ್ತಾರೆ, ಆ ಹುಬ್ಬನ್ನು ಬಿಟ್ಟಾರೆಯೇ ಅಂದುಕೊಂಡೆ.

ಹಾಡು ಶುರುವಾಯಿತು. ನಾನು ಸೂಜಿ ಚುಚ್ಚಿದೆ. ಅವರ ಕೂದಲು ಸೊಂಟದವರೆಗೆ, ಒಂದು ಬಿಳಿ ಎಳೆಯೂ ಇಲ್ಲ. ಅಂಥ ಕೂದಲೂ ನನಗಿಲ್ಲ. 'ಬಾ, ನಿನ್ನ ತಲೆ ಬಾಚುತ್ತೇನೆ' ಎಂದು ರೆಕಾರ್ಡಿನಲ್ಲಿ ಆ ಹೆಂಗಸು ಮತ್ತೆ ಮತ್ತೆ ಹಾಡುತ್ತಿದ್ದಂತೆ ನನಗೆ ಸಾರು ನೆನಪಾಯಿತು, 'ಚೆನ್ನಾಗೇ' ನೆನಪಾಯಿತು, ಕೆಳಗಿಟ್ಟ ಫೋನು ನೆನಪಾಯಿತು. ಕೈ ತಾನಾಗಿ ದಾರವನ್ನು ಜಗ್ಗಿತು. ಅಕ್ಕನ ತಲೆ ಹಿಂದಕ್ಕೆ ವಾಲಿತು. ತಕ್ಷಣ ಸಡಿಲ ಮಾಡಿ, ಜಗ್ಗಿದ ಜಾಗವನ್ನು ಅಂಗೈಯಿಂದ ಸವರಿದೆ. ಅಭ್ಯಾಸದಲ್ಲಿ ಇದ್ಯಾವುದೂ ಇರಲಿಲ್ಲ. ಅಕ್ಕ ಅಲ್ಲಾಡದೆ ಕೂತೇ ಇದ್ದರು. ಹಾಡು ಮುಗಿಯುವವರೆಗೆ ನಾನು ಹೊಲಿಯುತ್ತಲೇ ಇದ್ದೆ.

ಕಟ್ ಅಂದ ಮೇಲೆ ತಲೆ ಉಜ್ಜಿಕೊಳ್ಳುತ್ತ, "ಅಬ್ಬಾ, ಬಂತಲ್ಲ!" ಎಂದರು.

"ಏನು ಬಂತು?" ಭಾವನವರು ಕೇಳಿದರು.

"ಅವಳ ಕೈ ಬಂತು. ಸಾಕು, ಎಲ್ಲಾ ಆಫ್ ಮಾಡಿ. ಅವಲಕ್ಕಿ ಮಾಡಿಟ್ಟಿದೀನಿ, ತಿನ್ನೋಣ."

ಕ್ಲೋಸಪ್ಪು ಬೇರೆ ದಿನ ಇರಬಹುದು ಅಂದುಕೊಂಡು ನಾನೂ ತಿಂದೆ.

ಲೈಬ್ರರಿಯ ಸಭಾಂಗಣದಲ್ಲಿ ಸಿನಿಮಾ ತೋರಿಸಿದರು. ಹುಡುಗಿ ತೋಟದಲ್ಲಿ ಕುಣಿಯುತ್ತಾಳೆ, ಆದರೆ ರಾಣಿಯ ಕಿಟಕಿಯಿಂದ ಕಂಡಷ್ಟೇ, ಬೆರಳುದ್ದ. ಕೊನೆಯ ದೃಶ್ಯದಲ್ಲಿ ಅವಳದು ಬರೀ ಬೆನ್ನು ಮತ್ತು ಜಡೆ. ಉಳಿದ ಪರದೆಯ ತುಂಬ ನಾನು. ನಾನು ವರ್ಷಗಟ್ಟಲೆ ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದ ಹೊಟ್ಟೆಕಿಚ್ಚು ಗೋಡೆಯಷ್ಟು ದೊಡ್ಡದಾಗಿ ನಿಂತಿತ್ತು. ದಾರ ಜಗ್ಗಿದಾಗ ಸಭೆಯಲ್ಲಿ ಯಾರೋ ಹಾ ಎಂದರು. ನನ್ನ ಮಗಳು ನನ್ನ ಕೈ ಹಿಡಿದುಕೊಂಡು, "ಅಮ್ಮಾ, ಯು ವರ್ ಸೋ ಸ್ಕೇರಿ" ಎಂದಳು. ಅವಳ ಫೋನು ಕೆಳಗಿತ್ತು.

ಹೊರಗೆ ಬಂದು ಅಕ್ಕನನ್ನು ಹಿಡಿದೆ. "ನಿಮ್ಮ ಮುಖ ಯಾಕಿಲ್ಲ?"

"ನನ್ನ ಮುಖ ಇದ್ದಿದ್ರೆ ಜನ ನನ್ನ ನೋಡ್ತಿದ್ರು." ಜಂಬವಿಲ್ಲ, ಹವಾಮಾನ ಹೇಳಿದ ಹಾಗೆ ಹೇಳಿದರು. ನಿಜವಾದ್ದರಿಂದ ನನಗೆ ಇನ್ನಷ್ಟು ಉರಿಯಿತು. "ನಿನ್ನ ಯಾರೂ ಸರಿಯಾಗಿ ನೋಡೇ ಇರ್ಲಿಲ್ಲ ಕಣೆ. ನೋಡ್ಲಿ ಅಂತ."

"ಅದಕ್ಕೆ ರಾಣಿ ಪಾರ್ಟೇ ಬೇಕಿತ್ತಾ?"

"ನಿನ್ನ ಹೊಟ್ಟೆಕಿಚ್ಚು ನಂಗೆ ಗೊತ್ತಿಲ್ವಾ? ಇಷ್ಟು ವರ್ಷ ಮನೇಲಿ ಸುಮ್ನೆ ವೇಸ್ಟ್ ಆಗ್ತಿತ್ತು."

ಅಷ್ಟರಲ್ಲಿ ಒಬ್ಬ ಅಜ್ಜಿ ಬಂದು ನನ್ನ ಕೈ ಕುಲುಕಿ, "ತುಂಬಾ ಚೆನ್ನಾಗಿ ಮಾಡ್ದೆ ತಾಯಿ. ಆ ಜಡೆಯವಳು ಯಾರು? ಬರೀ ಬೆನ್ನಲ್ಲೇ ಅಳ್ತಿದ್ಲಲ್ಲ!" ಎಂದರು. ನೋಡಿ, ಬೆನ್ನು ಹಾಕಿ ಕೂತರೂ ಇವರನ್ನು ಬಿಡುವವರಿಲ್ಲ.

ಭಾವನವರು ನಿವೃತ್ತರಾದ ಮೇಲೆ ಅವರಿಬ್ಬರೂ ಮೈಸೂರಿಗೆ ಹೋದರು. ಗ್ಯಾರೇಜಿನ ಹಲಗೆಗಳು ಈಗ ನಮ್ಮ ಮನೆಯಲ್ಲಿವೆ. ಆ ಸಿನಿಮಾ ನೋಡಿ ಬಂದ ಹುಡುಗಿಯರೇ ನನ್ನ ಮೊದಲ ಶಿಷ್ಯೆಯರು. ಅವರಲ್ಲೊಬ್ಬಳು ಹಿಂದಿನ ಸಾಲಿನಲ್ಲಿ ನಿಂತು ಎಲ್ಲರನ್ನೂ ಉರಿಗಣ್ಣಿನಿಂದ ನೋಡುತ್ತಾಳೆ. ನೋಡಿದ ಕೂಡಲೇ ಗುರುತು ಸಿಕ್ಕಿತು. ಅಕ್ಕನ ಋಣ ತೀರಿಸಲು ಇದೇ ಸಮಯವೆಂದು ಅದೇ ದೃಶ್ಯವನ್ನು ಮತ್ತೆ ತೆಗೆಯಲು ಹೊರಟೆ. ಅವಳು ರಾಣಿ, ನಾನು ಹುಡುಗಿ. ಬೆನ್ನು ಹಾಕಿ ಕೂತೆ. ಹಾಡು ಮುಗಿಯುವುದರೊಳಗೆ ನನ್ನ ಕತ್ತು ಕ್ಯಾಮೆರಾದ ಕಡೆ ತಿರುಗಿಬಿಟ್ಟಿತು. ಮತ್ತೆ ತೆಗೆದರೆ ಮತ್ತೆ ತಿರುಗಿತು.

ವೀಡಿಯೊ ಕಾಲ್ ಮಾಡಿ ಹೇಳಿದೆ. "ಅಕ್ಕಾ, ಅಷ್ಟು ಹೊತ್ತು ಅಲ್ಲಾಡದೆ ಹೇಗೆ ಕೂತಿದ್ರಿ? ನನ್ನ ಕೈಲಿ ಆಗ್ತಿಲ್ಲ."

ಮೈಸೂರಿನ ಅಡುಗೆಮನೆಯಲ್ಲಿ ಅವರು ಹುರುಳೀಕಾಯಿ ಸೋಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಎಡಹುಬ್ಬು ಒಂದೇ ಮೇಲೆದ್ದಿತು. ಅಷ್ಟು ದೂರದಿಂದಲೂ ನನ್ನ ಹೊಟ್ಟೆ ಉರಿಯಿತು.