ಕಾಗೆ ಬಂದಿತ್ತೋ, ನರಿ ಬಂದಿತ್ತೋ

ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದೆಯೇ? ಎಷ್ಟೋ ವರ್ಷ ನಂಬಿಕೊಂಡು ಬಂದದ್ದನ್ನು ಒಂದೇ ಒಂದು ಫೋಟೋ ಸುಳ್ಳು ಮಾಡಿಬಿಟ್ಟದ್ದು? ನಮ್ಮನೆಯಲ್ಲಿ ಆಗಿದೆ.

ಪಕ್ಕದ ಮನೆ ಕಾಕಾರ ಪ್ಯಾಂಟಿನ ಎರಡೂ ಮೊಣಕಾಲಿಗೆ ಸದಾ ಹಸಿ ಮಣ್ಣು, ಮೂಗಿನ ತುದಿಗೆ ಅಕ್ಕಿಹಿಟ್ಟು. ಬೆಳಗಾವಿ ಕಡೆಯವರು. ಹರೆಯದಲ್ಲಿ ಕಾಡುಹಂದಿ ಬೇಟೆ, ಇಂಗ್ಲೆಂಡಿನ ಹ್ಯಾರೋಗೆ ಬಂದ ಮೇಲೆ ಜನರ ಹಿತ್ತಲಿಗೆ ನುಗ್ಗುವ ನರಿ ಹಿಡಿಯುವ ಕೆಲಸ. ಬೇಲಿಯ ಸಂದಿಯಲ್ಲಿ ಹಿಟ್ಟು ಉದುರಿಸಿ, ಮರುದಿನ ಮಂಡಿಯೂರಿ ನೋಡುವರು. "ಹೆಣ್ಣೈತಿ. ಎಡಗಾಲು ಕುಂಟತೈತಿ." ಬೋನು ಎಲ್ಲಿಡಬೇಕೆಂದು ಅಷ್ಟರಲ್ಲೇ ತೀರ್ಮಾನ. ನನಗೂ ಕಲಿಸಿದ್ದರು: "ಉಗುರಿನ ಗುರುತಿದ್ರ ನರಿ, ಇಲ್ಲಂದ್ರ ಬೆಕ್ಕು. ಇಷ್ಟ ತಿಳಕೋ, ಸಾಕು."

ತೊಂಬತ್ತರ ದಶಕದಲ್ಲಿ, ಪ್ರಾಣಿ ಹಾದರೆ ತಾನೇ ಫೋಟೋ ಹೊಡೆಯುವ ಕ್ಯಾಮೆರಾ ನೋಡಿ ಕಾಕಾ ನಕ್ಕಿದ್ದರು. ಮೂವತ್ತಾರು ಫೋಟೋದ ರೀಲು, ತೊಳೆಸಿ ತರಲು ವಾರ, ನೋಡಿದರೆ ಬರೀ ಅಲುಗಾಡುವ ಹುಲ್ಲು. "ಅಷ್ಟೊತ್ತಿಗೆ ನರಿ ಮೊಮ್ಮಕ್ಕಳನ್ನ ಕಂಡಿರ್ತೈತಿ!" ಆಮೇಲೆ ಕಾರ್ಡಿನ ಕ್ಯಾಮೆರಾ ಬಂತು. ಹೆಜ್ಜೆ ನೋಡಲು ಯಾರೂ ಕರೆಯದಾದರು. "ಬೋನ್ ಹೊರೂ ಹಮಾಲ ಆಗೇನಿ ನೋಡು."

ನನ್ನ ಅತ್ತೆಗೆ ಮಾತ್ರ ಕಾಕಾರ ಮಾತೇ ಪ್ರಮಾಣ. ಪ್ರತಿ ಮಹಾಲಯ ಅಮಾವಾಸ್ಯೆಗೆ ತೀರಿಹೋದ ಮಾವನವರ ಹೆಸರಲ್ಲಿ ಹಿತ್ತಲಲ್ಲಿ ಎಡೆ ಇಟ್ಟು, ಸುತ್ತ ಹಿಟ್ಟಿನ ರಂಗೋಲಿ ಎಳೆಯುವರು. ಕಾಗೆ ಮುಟ್ಟುವವರೆಗೆ ತುತ್ತು ಬಾಯಿಗಿಡುತ್ತಿರಲಿಲ್ಲ. ಎಲೆ ಖಾಲಿಯಾದೊಡನೆ ಕಾಕಾ ಬಗ್ಗಿ ನೋಡಿ, "ಕಾಗಿನ ಬಂದಿತ್ತರಿ ಅಕ್ಕಾರ" ಎಂದರೆ ಊಟ.

ಒಂದು ವರ್ಷ ನನ್ನ ಗಂಡ ಬೇಲಿಗೆ ಅಂಥದೊಂದು ಕ್ಯಾಮೆರಾ ಕಟ್ಟಿದ್ದ. ಕಾಕಾ ಎಂದಿನಂತೆ "ಕಾಗಿ" ಎಂದು ಅಡುಗೆಮನೆಗೆ ಬಂದರು. ಗಂಡ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ ಕೂಗಿದ: "ಅವ್ವಾ, ನಿನ್ನ ಕಾಗಿಗೆ ನಾಲ್ಕು ಕಾಲು!" ಪರದೆಯ ಮೇಲೆ ನರಿ, ಬಾಯಲ್ಲಿ ವಡೆ.

ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು. ಕಾಕಾ ಹೊರಹೋಗಲು ಬೇರೆ ದಾರಿಯಿರಲಿಲ್ಲ.

"ಹ್ವಾದ ವರ್ಷದ್ದು? ಅದರ ಹಿಂದಿನವು?"

ಬೋನಿಗೆ ಬಿದ್ದದ್ದು ಮೊದಲು ಸುತ್ತುತ್ತದೆ, ಆಮೇಲೆ ಸುಮ್ಮನೆ ಕೂತುಬಿಡುತ್ತದೆ ಎಂದು ಕಾಕಾ ಅವರೇ ಹೇಳಿದ್ದರು. ಕಾಕಾ ಕುರ್ಚಿಯಲ್ಲಿ ಕೂತರು.

"ಎಲ್ಲಾ ನರೀದ ರೀ ಅಕ್ಕಾರ. ಮೂರು ಗಂಟೆ ಆಗಿರ್ತಿತ್ತು, ನೀವು ಉಂಡಿರ್ತಿದ್ದಿಲ್ಲ. ನಾ ಹಿಟ್ಟು ನೋಡಿ ಹೇಳಲಿಲ್ಲ, ನಿಮ್ಮ ಮುಖ ನೋಡಿ ಹೇಳಿದೆ."

ಗಂಡನ ನಗು ನಿಂತಿತು. ನಾನು ಕುಕ್ಕರನ್ನೇ ನೋಡುತ್ತಿದ್ದೆ.

ಅತ್ತೆ ಪರದೆಯ ನರಿಯನ್ನು ತೋರಿಸಿ, "ಇದಕ್ಕ ಬೋನ್ ಇಡಾಂವ ಇದ್ದೇನು?" ಎಂದರು.

"ನಾಳೆ ಇಡಾಂವ ರೀ."

"ಬ್ಯಾಡ. ಇಷ್ಟು ವರ್ಷ ನಮ್ಮವರ ಎಡಿ ಉಂಡೈತಿ. ಏಳು ತಮ್ಮಾ, ಕೈ ತೊಳಕೋ. ಉಣ್ಣೂಣು."

ಕಾಕಾ ತೀರಿಕೊಂಡ ವರ್ಷದ ಮಹಾಲಯಕ್ಕೆ ಅತ್ತೆ ಎರಡು ಎಡೆ ಇಟ್ಟರು. ಕ್ಯಾಮೆರಾ ಬಿಚ್ಚಿ ಎಷ್ಟೋ ಕಾಲವಾಗಿತ್ತು. ಮೂರು ಗಂಟೆಗೆ ನನ್ನನ್ನು ಕಳಿಸಿದರು: "ಕಾಕಾನ ಎಡಿ ಯಾರು ಮುಟ್ಟ್ಯಾರ, ನೋಡಿ ಬಾ."

ಕಾಕಾ ಕಲಿಸಿದ್ದಂತೆ ಮಂಡಿಯೂರಿ ನೋಡಿದೆ. ಗುಂಡನೆಯ ಹೆಜ್ಜೆ, ಉಗುರಿನ ಗುರುತಿಲ್ಲ. ಒಳಗೆ ಬಂದು ಅತ್ತೆಯ ಮುಖ ನೋಡಿದೆ.

"ನರಿ ಬಂದಿತ್ತರಿ ಅತ್ತಿ."

ಅತ್ತೆ ಉಣ್ಣಲು ಕೂತರು.

ನಿಮ್ಮ ಮನೆಯ ಎಡೆ ಯಾರು ಮುಟ್ಟಿದ್ದರು? ಕೆಳಗೆ ಬರೆಯಿರಿ. ಫೋಟೋ ಬೇಡ, ನಿಮ್ಮ ಮಾತು ಸಾಕು.