ಹೆಸರು ಕೇಳದೆ ಕೊಟ್ಟ ವಾಕರ್

ನನಗೊಂದು ಚಾಳಿ ಇದೆ. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರ ಊರು, ತವರು, ಬೀಗರು, ಹೊಲದ ಬೆಳೆ ಎಲ್ಲವನ್ನೂ ಹತ್ತು ನಿಮಿಷದಲ್ಲಿ ತಿಳಿದುಕೊಳ್ಳುತ್ತೇನೆ, ಹೆಸರು ಮಾತ್ರ ಕೇಳುವುದಿಲ್ಲ. ಹೆಣ್ಣುಮಕ್ಕಳಾದರಂತೂ ಆ ಮಾತೇ ಇಲ್ಲ. 'ಯಾರ ಪೈಕಿ?' ಎಂದರೆ ಮರ್ಯಾದೆ, 'ನಿಮ್ಮ ಹೆಸರೇನು?' ಎಂದರೆ ಪೊಲೀಸ್ ವಿಚಾರಣೆ ಎಂದು ಬೈಲಹೊಂಗಲದಲ್ಲಿ ನನ್ನ ವಯಸ್ಸಿನವರು ನಂಬಿದ್ದೇವೆ. ಈ ನಂಬಿಕೆಯಿಂದ ಒಬ್ಬ ಮುದುಕಿ ಒಂದು ವಾರ ಗೋಡೆ ಹಿಡಿದು ನಡೆಯಬೇಕಾಯಿತು.

ಕಳೆದ ವರ್ಷ ಅಂಗಳದಲ್ಲಿ ಜಾರಿ ಕಾಲು ಮುರಿದುಕೊಂಡಾಗ ಮಡಚುವಂಥ ಒಂದು ವಾಕರ್ ಕೊಂಡಿದ್ದೆ. ನನ್ನ ಸ್ವಂತ ಕಾಲುಗಳು ಕೆಲಸಕ್ಕೆ ಮರಳಿದ ಮೇಲೆ ಅದು ಹಿತ್ತಲ ಬಾಗಿಲಲ್ಲಿ ನಿಂತು ಒದ್ದೆ ಟವೆಲ್ಲುಗಳನ್ನು ಹೊರುತ್ತಿತ್ತು. ಹಳೆಯ ಸಾಮಾನು ಮಾರುವ ಮೊಬೈಲ್ ಗುಂಪೊಂದರಲ್ಲಿ ಅದರ ಫೋಟೋ ಹಾಕಿದೆ. ಅರ್ಧ ಗಂಟೆಯೊಳಗೆ ಸುರೇಬಾನದಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಈರಪ್ಪ ಎಂಬವರ ಫೋನು ಬಂತು. ಅವರ ತಾಯಿಗೆ ಸೊಂಟದ ಆಪರೇಶನ್ ಆಗಿತ್ತು, ಶನಿವಾರ ಆಸ್ಪತ್ರೆಯಿಂದ ಮನೆಗೆ ಬರುವವರಿದ್ದರು.

"ಶನಿವಾರದೊಳಗ ಮುಟ್ಟಬೇಕ್ರಿ ಸರ್. ದಿನಾ ನಡಸ್ರಿ ಅಂದಾರ ಡಾಕ್ಟರು. ಇನ್ನೊಮ್ಮಿ ಬಿದ್ರ ಏಳೂದಿಲ್ಲ ಅಂತನೂ ಅಂದಾರ."

"ಮುಟ್ಟತದ, ಚಿಂತಿ ಬಿಡ್ರಿ" ಎಂದೆ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನಿಗೆ ಭರವಸೆ ಕೊಡುವುದು ಬಹಳ ಸುಲಭ.

ಸುರೇಬಾನಕ್ಕೆ ಹೋಗಲು ರಾಮದುರ್ಗದಲ್ಲಿ ಬಸ್ಸು ಬದಲಿಸಬೇಕು. ಕಂಡಕ್ಟರ್ ಕೈಗೆ ಕೊಟ್ಟರೆ ನಡುವೆ ಯಾರಾದರೂ ಇಳಿಸಿಕೊಳ್ಳಬೇಕು. ನಮ್ಮ ಕಡೆ ಇದಕ್ಕೊಂದು ಹಳೆಯ ಪದ್ಧತಿ ಇದೆ. ಶುಕ್ರವಾರ ಬೆಳಿಗ್ಗೆ ರಾಮದುರ್ಗದ ಬಸ್ಸಿನ ಬಾಗಿಲಲ್ಲಿ ನಿಂತು, "ಸುರೇಬಾನದವರು ಯಾರರ ಅದೀರೇನ್ರಿ?" ಎಂದು ಕೂಗಿದೆ. ಕಿಟಕಿಯ ಪಕ್ಕದಿಂದ ಒಬ್ಬ ಹೆಣ್ಣುಮಗಳು, "ನಾ ಅದೇನ್ರಿ, ಕೊಡ್ರಿ, ಮುಟ್ಟಸ್ತೇನಿ" ಎಂದಳು. ಈರಪ್ಪನವರ ಅಂಗಡಿ ಅವಳಿಗೆ ಗೊತ್ತಿತ್ತು. ಬಸ್ಸು ಹೊರಡುವುದರೊಳಗೆ ಅವಳ ತವರು ಮನೋಳಿ, ನಾದಿನಿಯನ್ನು ಕೊಟ್ಟದ್ದು ಕಿತ್ತೂರಿಗೆ, ಹೊಲದಲ್ಲಿ ಈ ಸಲ ಕಡಲೆ, ಇಷ್ಟನ್ನೂ ಸಂಗ್ರಹಿಸಿದೆ. ಹೆಸರು ಕೇಳಲಿಲ್ಲ. ಕೈಯಿಂದ ಕೈಗೆ ಹೋಗುವ ಸಾಮಾನಿಗೆ ಯಾಕೆ ಎಂದು ವಾಕರ್ ಸುತ್ತಿದ ಪೊಟ್ಟಣದ ಮೇಲೆ ನನ್ನ ನಂಬರನ್ನೂ ಬರೆಯಲಿಲ್ಲ. ಈರಪ್ಪನವರಿಗೆ 'ಕಳಿಸಿದೆ' ಎಂದು ಸಂದೇಶ ಹಾಕಿ, ಜೊತೆಗೆ ಮುಗಿದ ಕೈಗಳ ಚಿತ್ರವೊಂದನ್ನು ಅಂಟಿಸಿ, ಚಹಾ ಕುಡಿದು ಮನೆಗೆ ಬಂದೆ.

ಶನಿವಾರ ಮುಟ್ಟಲಿಲ್ಲ. ಭಾನುವಾರವೂ ಇಲ್ಲ.

ದೊಡ್ಡ ಕಂಪನಿಗಳಿಂದ ತರಿಸಿದರೆ ಪೊಟ್ಟಣ ಈಗ ಯಾವ ಊರಲ್ಲಿದೆ ಎಂದು ಫೋನೇ ಹೇಳುತ್ತದೆ, ಬಾರದಿದ್ದರೆ ದೂರು ಕೊಡಲು ಗುಂಡಿಯೂ ಇರುತ್ತದೆ. ನನ್ನಂಥ ಬಿಡಿ ವ್ಯಾಪಾರಿಗೆ ಒತ್ತಲು ಎಲ್ಲಿದೆ ಗುಂಡಿ? ನನ್ನ ತಂದೆ ಪೌರೋಹಿತ್ಯ ಮಾಡುತ್ತಿದ್ದರು. ದಾನ ಕೊಡುವಾಗ ಕೈಯ ಮೇಲೆ ನೀರು ಬಿಡಿಸುತ್ತಿದ್ದರು, ಆ ನೀರು ಬಿದ್ದ ಕ್ಷಣದಿಂದ ವಸ್ತು ಕೊಟ್ಟವನದಲ್ಲ. ದಾನಕ್ಕೆ ಇಷ್ಟು ಸ್ಪಷ್ಟ ಗೆರೆ ಎಳೆದ ಶಾಸ್ತ್ರಕಾರರು ಮಾರಿದ ವಾಕರ್ ಬಸ್ಸು ಹತ್ತಿದ ಮೇಲೆ ಯಾರದು ಎಂದು ಹೇಳದೆ ಹೋದರು. ಬಸ್ಸಿಗೆ ಹಾಕಿದಲ್ಲಿಗೆ ನನ್ನ ಕೆಲಸ ಮುಗಿಯಿತು ಎಂದು ಹೆಂಡತಿಯೆದುರು ವಾದಿಸಿದೆ. "ನೀವು ಮಾರಿದ್ದು ಬಸ್ಸಿಗಲ್ಲ" ಎಂದು ಅವಳು ರೊಟ್ಟಿ ಬಡಿಯುವುದನ್ನು ಮುಂದುವರಿಸಿದಳು.

ಈರಪ್ಪ ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. "ಬರತೈತಿ ಬಿಡ್ರಿ ಸರ್. ಆಕಿ ಹೆಸರೇನಂದ್ರಿ?" ಎಂದರು. ನಾನು ಕಡಲೆ ಬೆಳೆಯಿಂದ ಆರಂಭಿಸಿದೆ. ಮನೋಳಿಯಿಂದ ಸುರೇಬಾನಕ್ಕೆ ಬಂದ ಸೊಸೆಯರು ಆರು ಮಂದಿಯಂತೆ. ಐದು ಮನೆಗೆ ಹೋಗಿ ವಿಚಾರಿಸಿದರು, ಆರನೆಯ ಮನೆಗೆ ಬೀಗ ಹಾಕಿತ್ತು. ಮುಂದಿನ ಗುರುವಾರ ಅವರೇ ಮತ್ತೆ ಫೋನು ಮಾಡಿದರು. "ಅವ್ವ ಗ್ವಾಡಿ ಹಿಡಕೊಂಡ ಅಡ್ಡಾಡಾಕ ಹತ್ಯಾಳ್ರಿ. ಇವತ್ತ ಹೊಸ್ತಲದಾಗ ಮುಗ್ಗರಿಸಿದ್ಳು. ನಾ ಹಿಂದ ಇದ್ದೆ, ಹಿಡಕೊಂಡೆ." ಇದನ್ನು ದೂರಿನಂತೆ ಹೇಳಲಿಲ್ಲ, ಸುದ್ದಿಯಂತೆ ಹೇಳಿದರು. ಆ ರಾತ್ರಿ ಊಟ ಸೇರಲಿಲ್ಲ. ಅವರು ಹಿಂದೆ ಇರದಿದ್ದರೆ ಎಂದು ಯೋಚಿಸಿ ಹೆದರಿದೆ.

ಶುಕ್ರವಾರ ಅದೇ ಬಸ್ಸು ಹತ್ತಿ ಮನೋಳಿಯಲ್ಲಿ ಇಳಿದೆ. ಸುರೇಬಾನಕ್ಕೆ ಕೊಟ್ಟ ಮಗಳು, ನಾದಿನಿ ಕಿತ್ತೂರಿನಲ್ಲಿ ಎಂದೆ. ಕೇಳಿದವರಲ್ಲಿ ಮೂರನೆಯವರು ಮನೆಯ ಬಾಗಿಲಿಗೇ ಕರೆದುಕೊಂಡು ಹೋದರು. ಆ ಹೆಣ್ಣುಮಗಳು ಹೊರಗೆ ಕೂಸಿನ ಬಟ್ಟೆ ಒಣಹಾಕುತ್ತಿದ್ದಳು. ಅವತ್ತು ಬಸ್ಸು ಮನೋಳಿಗೆ ಬರುವಷ್ಟರಲ್ಲಿ ಅಣ್ಣನ ಹೆಂಡತಿಗೆ ಹೆರಿಗೆ ನೋವು ಎಂದು ಫೋನು ಬಂದು ಇಳಿದುಬಿಟ್ಟಿದ್ದಳು. ಒಂದು ದಿನಕ್ಕೆಂದು ಇಳಿದವಳನ್ನು ಬಾಣಂತನ ಹಿಡಿದು ಕೂರಿಸಿತ್ತು.

"ಯಾರ ಕೈಯಾಗರ ಕಳಸಬಾರದೇನವಾ?" ಎಂದೆ.

"ನೀವು ನನ್ನ ಕೈಯಾಗ ಕೊಟ್ಟಿದ್ರಿ. ಇನ್ನೊಬ್ಬರ ಕೈಯಾಗ ಹೆಂಗ ಕೊಡ್ಲಿ? ಫೋನ್ ಮಾಡಬೇಕಂದ್ರ ನಿಮ್ಮ ನಂಬರಿಲ್ಲ, ಹೆಸರಿಲ್ಲ, ಅಂಗಡಿಯವರ ನಂಬರೂ ಇಲ್ಲ. ನಾಳೆ ನಾನ ಒಯ್ಯಾಕಿ ಇದ್ದೆ." ವಾಕರನ್ನು ಸೀರೆಯಲ್ಲಿ ಸುತ್ತಿ, ಹುಡುಗರ ಕೈಗೆ ಸಿಗದಂತೆ ಅಟ್ಟದ ಮೇಲೆ ಇಟ್ಟಿದ್ದಳು. ತಪ್ಪು ಹುಡುಕಿಕೊಂಡು ಹೋದವನಿಗೆ ಸಿಕ್ಕಿದ್ದು ನನ್ನದೇ ತಪ್ಪು. ನಾಚಿಕೆಯಾಯಿತು.

"ನಿನ್ನ ಹೆಸರೇನವಾ?" ಎಂದು ಕೇಳಿದೆ.

"ಮಹಾದೇವಿ ಅಂತಾರ್ರಿ." ಪೊಲೀಸ್ ವಿಚಾರಣೆಗೆ ಸಿಕ್ಕವರ ಮುಖ ಅವಳದಾಗಿರಲಿಲ್ಲ.

ವಾಕರ್ ಹೊತ್ತು ಅವತ್ತೇ ಸುರೇಬಾನಕ್ಕೆ ಹೋದೆ. ನಿಲ್ದಾಣದಿಂದ ಈರಪ್ಪನವರ ಮನೆ ದೂರ. ಮುರಿದಿದ್ದ ಕಾಲು ಬಸ್ಸಿನ ಕುಲುಕಾಟಕ್ಕೆ ನೋಯತೊಡಗಿತ್ತು. ಮಾರಿದ ಸಾಮಾನನ್ನು ಬಳಸಬಾರದು ಎಂಬ ವಿವೇಕವನ್ನು ಹತ್ತು ಹೆಜ್ಜೆ ಕಾಪಾಡಿದೆ. ಆಮೇಲೆ ವಾಕರ್ ಬಿಡಿಸಿ ಊರಿಕೊಂಡೇ ಅವರ ಬಾಗಿಲಿಗೆ ಹೋದೆ. ಈರಪ್ಪನ ತಾಯಿ ಅದನ್ನು ಹಿಡಿದು ಮಂಚದಿಂದ ಹೊಸ್ತಿಲವರೆಗೆ ಬಂದರು, ಒಂದು ಗಳಿಗೆ ನಿಂತರು, ದಾಟಿದರು. ಕೈ ಚಾಚಿಕೊಂಡು ಹಿಂದೆಯೇ ಬರುತ್ತಿದ್ದ ಈರಪ್ಪ ಕೈ ಇಳಿಸಿದರು. ತಂದೆ ಬಿಡಿಸುತ್ತಿದ್ದ ಆ ದಾನದ ನೀರು ನನ್ನ ಕೈಯಿಂದ ಬಿದ್ದದ್ದು ಆಗ.

ಹೊರಡುವಾಗ ಆ ತಾಯಿ ಒಂದು ಬಟ್ಟೆಯ ಗಂಟು ತರಿಸಿ ನನ್ನ ಮುಂದಿಟ್ಟರು. "ಬೈಲಹೊಂಗಲದಾಗ ಬಸ್ ಸ್ಟ್ಯಾಂಡ್ ಹಿಂದಿನ ಓಣ್ಯಾಗ ನನ್ನ ತಂಗಿ ಅದಾಳ್ರಿ. ಸಜ್ಜಿರೊಟ್ಟಿ ಅದಾವು. ಮುಟ್ಟಸ್ತೀರಿ?"

ನಾನು ಪಾಠ ಕಲಿತವನಲ್ಲವೇ, ಕಿಸೆಯಿಂದ ಪೆನ್ನು ತೆಗೆದು ನನ್ನ ಹೆಸರು, ನಂಬರು ಬರೆದುಕೊಡಲು ಹೋದೆ.

"ಅದೆಲ್ಲ ಯಾಕ್ರಿ? ವಾಕರ್ ತಂದವರು ನೀವ ಅಲ್ಲೇನು?" ಎಂದರು.

ಬಸ್ಸಿನಲ್ಲಿ ಗಂಟನ್ನು ಮೇಲಿಡಿ ಎಂದು ಕಂಡಕ್ಟರ್ ಎರಡು ಸಲ ಹೇಳಿದ. ಇಡಲಿಲ್ಲ. ಬೈಲಹೊಂಗಲದಲ್ಲಿ ಇಳಿದು ಕುಂಟುತ್ತ ಮೊದಲು ಆ ತಂಗಿಯ ಮನೆಗೆ ಹೋದೆ, ನಮ್ಮ ಮನೆಗೆ ಆಮೇಲೆ.