ಕಾರಣ ನನಗೆ ಗೊತ್ತಿತ್ತು, ವಾರಿಜಾ

ವಾರಿಜಾ, ನಿನಗೆ ಹುಚ್ಚು ಇರಲಿಲ್ಲ. ಇರಲಿಲ್ಲ ಎಂದು ನನಗೆ ಅವತ್ತೇ ಗೊತ್ತಿತ್ತು. ನಿನಗೆ ಯಾಕೆ ನಿದ್ದೆ ಬರುವುದಿಲ್ಲ ಎಂಬುದನ್ನು ನೀನು ನನ್ನ ಕೈ ಹಿಡಿದುಕೊಂಡು ಹೇಳಿದ್ದೆ. ಕೇಳಿದವರ ಮುಂದೆ ನಾನು, ಅವಳು ಏನೂ ಹೇಳಿಲ್ಲ ಎಂದೆ. ಇಷ್ಟೇ ನನ್ನ ತಪ್ಪು — ಇಷ್ಟೇ ಎಂದು ಬರೆಯುವುದಕ್ಕೂ ನನಗೆ ಯಾವ ಮುಖ!

ನಾನು ಆಗ ಕಾಪುವಿನ ಹತ್ತಿರ ಅಂಗನವಾಡಿ ಟೀಚರ್. ಆ ವರ್ಷ ಮಣಿಪಾಲದಲ್ಲಿ ನಮ್ಮಂಥವರನ್ನು ಸೇರಿಸಿ ತರಬೇತಿ ಕೊಟ್ಟಿದ್ದರು. ಮನಸ್ಸು ಕುಸಿದವರನ್ನು ಗುರುತಿಸುವುದು ಹೇಗೆ, ಸಾಯುವ ಮಾತು ಆಡುವವರ ಹತ್ತಿರ ಮಾತನಾಡುವುದು ಹೇಗೆ, ಆಸ್ಪತ್ರೆಗೆ ತಲುಪಿಸುವುದು ಹೇಗೆ — ಇಂಥದ್ದು. ಒಳ್ಳೆಯ ತರಬೇತಿಯೇ, ಸುಳ್ಳು ಹೇಳಬಾರದು. ಮೊದಲು ಕೇಳಿ, ಪೂರ್ತಿ ಕೇಳಿ ಎಂದು ಅಲ್ಲಿಯ ಮೇಡಂ ಬಾಯಿ ನೋಯುವಷ್ಟು ಸಲ ಹೇಳಿದರು. ನನ್ನ ತಲೆಗೆ ಹತ್ತಿದ್ದು ಲಕ್ಷಣಗಳು ಮಾತ್ರ. ನಿದ್ದೆ ಇಲ್ಲ, ಊಟ ಇಲ್ಲ, ಅಳು, ಬದುಕು ಸಾಕು ಎಂಬ ಮಾತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ — ಊರಿಗೆ ಬಂದವಳೇ ಯಾರ ಮುಖ ಬಾಡಿದೆ ಎಂದು ಹುಡುಕಲು ಶುರು ಮಾಡಿದೆ. ಜ್ವರ ಬಂದು ಮಲಗಿದ್ದ ಮೀನು ಮಾರುವ ಹೆಂಗಸನ್ನೂ ಬಿಡಲಿಲ್ಲ. "ನನ್ನ ಮಂಡೆ ಸಮ ಉಂಟು ಮಾರಾಯ್ತಿ, ಗಂಟಲು ನೋವು" ಎಂದು ಅವಳು ಬೈದು ಕಳಿಸಿದಳು.

ಆಮೇಲೆ ನೀನು. ನಿನ್ನ ಗಂಡ ಮಸ್ಕತ್‌ನಲ್ಲಿ. ನೀನು ಇಲ್ಲಿ ಅತ್ತೆ ಗಿರಿಜಕ್ಕನ ಮನೆಯಲ್ಲಿ, ಜೊತೆಗೆ ಮೈದುನ. ನಿನ್ನ ಮಗಳು ಅಶ್ವಿನಿ ನನ್ನ ಅಂಗನವಾಡಿಯ ಮಗು. ಅವಳನ್ನು ಬಿಡಲು ಬರುವಾಗ ನಿನ್ನ ಕಣ್ಣು ಗುಳಿಬಿದ್ದದ್ದನ್ನು ನೋಡಿದೆ. ಒಂದು ಮಧ್ಯಾಹ್ನ ಮಕ್ಕಳು ಮಲಗಿದ ಮೇಲೆ ನಿನ್ನನ್ನು ಕೂರಿಸಿಕೊಂಡು ಕೇಳಿದೆ. ನೀನು ನನ್ನ ಕೈ ಹಿಡಿದುಕೊಂಡೆ. ಆಮೇಲೆ —

"ರಾತ್ರಿ ಮೈದುನ ಬಂದು ಬಾಗಿಲು ತಟ್ಟುತ್ತಾನೆ ಅಕ್ಕ. ಅತ್ತೆಗೆ ಹೇಳಿದರೆ ನನ್ನನ್ನೇ ಬೈಯುತ್ತಾರೆ. ನಾನು ಬೆಳಗಾಗುವವರೆಗೆ ಬಾಗಿಲಿಗೆ ಬೆನ್ನು ಕೊಟ್ಟು ಕೂತುಕೊಳ್ಳುವುದು. ಹೀಗೇ ಆದರೆ ಒಂದು ದಿನ ಬಾವಿಗೆ ಹಾರುತ್ತೇನೆ. ನನ್ನ ಬಾಯಿಂದ ಯಾರ ಹತ್ತಿರವೂ ಹೇಳಲಿಕ್ಕೆ ಆಗುವುದಿಲ್ಲ. ನೀವೇ ಹೇಳಿ."

ಹೇಳುತ್ತೇನೆ ಎಂದೆ.

ಹೇಳಿದೆನಾ? ಗಿರಿಜಕ್ಕನ ಮುಂದೆ ಕೂತು ನಿದ್ದೆ ಇಲ್ಲದ್ದು, ಅಳು, ಬಾವಿಯ ಮಾತು — ಲಕ್ಷಣಗಳನ್ನೆಲ್ಲ ಒಂದೂ ಬಿಡದೆ ಹೇಳಿದೆ. ಮೈದುನನ ವಿಷಯ ಮಾತ್ರ ಹೇಳಲಿಲ್ಲ. ಅಂಗನವಾಡಿ ನಡೆಯುತ್ತಿದ್ದುದು ಅವರ ಮನೆಯ ಹೊರಗಿನ ಕೋಣೆಯಲ್ಲಿ. ನನಗೆ ಆ ಕೆಲಸ ಸಿಕ್ಕಿದ್ದೂ ಅವರ ಮಾತಿನಿಂದ. ಅವರ ಮಗನ ಮೇಲೆ ಅಂಥ ಮಾತು ಎತ್ತಿದರೆ ನಾಳೆ ನಾನು... ಹೌದು, ನನ್ನ ಅನ್ನದ ಯೋಚನೆ. ಮನೆಯ ಹಿರಿಯರಿಗೆ ತಿಳಿಸಿ ಎಂದು ತರಬೇತಿಯಲ್ಲಿ ಹೇಳಿದ್ದರಲ್ಲ, ತಿಳಿಸಿದ್ದೇನೆ ಎಂದು ಸಮಾಧಾನ ಮಾಡಿಕೊಂಡೆ. ನೀನು ಯಾರಿಗೆ ಹೆದರಿ ಕೂತಿದ್ದೆಯೋ ಅವರ ಕೈಗೇ ನಿನ್ನನ್ನು ಒಪ್ಪಿಸಿ ಬಂದೆ.

ಆಸ್ಪತ್ರೆಗೆ ಮೂವರೂ ಹೋದೆವು. ಗಿರಿಜಕ್ಕ ನಿನ್ನ ಪಕ್ಕದಲ್ಲೇ ಕೂತಿದ್ದರು. ಡಾಕ್ಟರು ಏನು ಕೇಳಿದರೂ ನೀನು ಬಾಯಿ ಬಿಡಲಿಲ್ಲ, ನನ್ನ ಮುಖ ನೋಡುತ್ತಿದ್ದೆ. ಅವರು ನನ್ನ ಕಡೆ ತಿರುಗಿದರು.

"ಮನೆಯಲ್ಲಿ ಏನಾದರೂ ತೊಂದರೆ ಉಂಟಾ? ನಿಮ್ಮ ಹತ್ತಿರ ಏನಾದರೂ ಹೇಳಿದ್ದಾರಾ?"

"ಎಂತದೂ ಇಲ್ಲ ಡಾಕ್ಟ್ರೇ."

ನೀನು ತಲೆ ತಗ್ಗಿಸಿದೆ. ಮತ್ತೆ ನನ್ನ ಮುಖ ನೋಡಲೇ ಇಲ್ಲ, ಇವತ್ತಿನವರೆಗೂ.

ಡಾಕ್ಟರು ಕೊಟ್ಟದ್ದು ನಿದ್ದೆಗೆ ಔಷಧ, ಹದಿನೈದು ದಿನ ಬಿಟ್ಟು ಬನ್ನಿ ಎಂಬ ಮಾತು. ಗಿರಿಜಕ್ಕ ಊರಿಗೆ ತಂದದ್ದು ಬೇರೆಯೇ ಸುದ್ದಿ — ಸೊಸೆಗೆ ಮಂಡೆ ಸಮ ಇಲ್ಲ, ಬೇಕಾದರೆ ಟೀಚರನ್ನು ಕೇಳಿ, ಅವಳು ಅದನ್ನೇ ಕಲಿತು ಬಂದವಳು. ಕೇಳಿದವರಿಗೆ ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಮಸ್ಕತ್‌ಗೆ ಫೋನ್ ಹೋಯಿತು. ನಿನ್ನನ್ನು ಕಾರ್ಕಳಕ್ಕೆ ಅಣ್ಣನ ಮನೆಗೆ ಕಳಿಸಿದರು, ಮಗುವನ್ನು ಇಟ್ಟುಕೊಂಡರು. ನಮ್ಮಲ್ಲಿ ಮಕ್ಕಳು ತಾಯಿಯ ಕುಟುಂಬದವರು ಎಂಬ ಕಟ್ಟಳೆ ಉಂಟಲ್ಲ, ಹುಚ್ಚಿ ಎಂಬ ಮಾತಿನ ಮುಂದೆ ಅದೂ ನಿಲ್ಲಲಿಲ್ಲ. ನೀನು ಬಸ್ಸು ಹತ್ತುವಾಗ ಅಶ್ವಿನಿ ನನ್ನ ಸೊಂಟದಲ್ಲಿದ್ದಳು. ನಿನ್ನ ಹಿಂದೆ ಓಡದ ಹಾಗೆ ನಾನೇ ಗಟ್ಟಿಯಾಗಿ ಎತ್ತಿಕೊಂಡಿದ್ದೆ.

ಮತ್ತೆ ಎಷ್ಟೋ ವರ್ಷ ಹೂಡೆ, ಕೆಮ್ಮಣ್ಣು, ಅಂಬಲಪಾಡಿ ಎಂದು ತಿರುಗಿ ಬೇರೆ ಹೆಂಗಸರಿಗೆ ಮಣಿಪಾಲದ ಆ ತರಬೇತಿಯನ್ನೇ ಕಲಿಸಿದೆ. ನಾಚಿಕೆ ಇಲ್ಲದವಳು! ಕಲಿಸುವುದನ್ನು ಬಿಟ್ಟರೆ ಯಾಕೆ ಬಿಟ್ಟಿರಿ ಎಂದು ಕೇಳುತ್ತಾರೆ. ಬಿಡದಿದ್ದರೆ ಪ್ರತಿ ಸಲ ನಿನ್ನ ಮುಖ. ಸತ್ಯ ಹೇಳಿಬಿಡೋಣವೆಂದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ. ತಡಮಾಡಿದಷ್ಟೂ ಆ ಪ್ರಶ್ನೆ ದೊಡ್ಡದಾಯಿತು, ನಾನು ಅದರೊಳಗೆ ಇನ್ನಷ್ಟು ಸಿಕ್ಕಿಬಿದ್ದೆ. ನಿನಗೆ ತವರು ಉಂಟು, ಮಗುವಿಗೆ ಇಲ್ಲಿ ಊಟ ಬಟ್ಟೆಗೆ ಕೊರತೆ ಇಲ್ಲ ಎಂದುಕೊಂಡು... ಇರಲಿ.

ಇವತ್ತು ಅಶ್ವಿನಿ ಬಂದಳು. ಈಗ ಅವಳು ಪಿಯುಸಿ ಓದುತ್ತಿದ್ದಾಳೆ. ಕಾಲೇಜಿನಿಂದ ನೇರ ನನ್ನ ಮನೆಗೆ ಬಂದು, ಬ್ಯಾಗನ್ನೂ ಇಳಿಸದೆ ಕೇಳಿದಳು: "ಟೀಚರ್, ಅಮ್ಮನಿಗೆ ನಿಜವಾಗಿಯೂ ಮಂಡೆ ಸಮ ಇರಲಿಲ್ವಾ?"

ಎಲ್ಲವನ್ನೂ ಹೇಳಿದೆ. ಹೇಳುತ್ತಾ ನನಗೆ ಅಳು ಬಂತು, ಅವಳು ಅಳಲಿಲ್ಲ. ಬೈಯುತ್ತಾಳೆ, ಮುಖಕ್ಕೆ ಉಗಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ.

"ಗೊತ್ತಿದ್ದೂ ನನ್ನನ್ನು ಯಾಕೆ ಆ ಮನೆಯಲ್ಲಿ ಬಿಟ್ಟದ್ದು?"

ವಾರಿಜಾ, ಇಷ್ಟು ವರ್ಷ ನಾನು ಕೊರಗಿದ್ದು ನಿನಗೆ ಮಾಡಿದ್ದಕ್ಕೆ ಮಾತ್ರ. ಇದು — ದೇವರಾಣೆ, ಇದು ನನಗೆ ಹೊಳೆದೇ ಇರಲಿಲ್ಲ. ನಿನ್ನ ಮೈದುನ ಈಗಲೂ ಅದೇ ಮನೆಯಲ್ಲಿದ್ದಾನೆ. ಅಶ್ವಿನಿ ಆಮೇಲೆ ಇನ್ನೂ ಕೆಲವು ಮಾತು ಹೇಳಿದಳು. ಅವು ಅವಳ ಮಾತು, ನಿನ್ನ ಹತ್ತಿರ ಅವಳೇ ಹೇಳಬೇಕು.

ಅವಳನ್ನು ವಾಪಸ್ಸು ಕಳಿಸಿಲ್ಲ. ಗಿರಿಜಕ್ಕ ಫೋನ್ ಮಾಡಿದರು. ಹುಡುಗಿ ನನ್ನ ಹತ್ತಿರ ಇದ್ದಾಳೆ, ಕಳಿಸುವುದಿಲ್ಲ, ಯಾಕೆಂದು ನಿಮಗೆ ಗೊತ್ತುಂಟು ಎಂದೆ. ಅವರು ಫೋನ್ ಇಟ್ಟರು. ನಾಳೆ ಬೆಳಿಗ್ಗೆ ಅವಳನ್ನು ಕರೆದುಕೊಂಡು ಕಾರ್ಕಳಕ್ಕೆ ಬರುತ್ತೇನೆ; ಈ ಕಾಗದವನ್ನು ಅವಳ ಕೈಯಲ್ಲೇ ನಿನಗೆ ಕೊಡಿಸುತ್ತೇನೆ. ಇನ್ನು ಯಾರು ಕೇಳಿದರೂ — ಪೊಲೀಸರಾಗಲಿ, ನಿನ್ನ ಗಂಡನಾಗಲಿ, ಊರವರಾಗಲಿ — ನೀನು ಅವತ್ತು ಹೇಳಿದ್ದನ್ನು ಹೇಳುತ್ತೇನೆ. ನೀನು ಇದನ್ನು ಓದುವಾಗ ನಾನು ನಿನ್ನ ಅಂಗಳದಲ್ಲಿ ನಿಂತಿರುತ್ತೇನೆ. ನನ್ನನ್ನು ಒಳಗೆ ಕರೆಯಬೇಡ.